ದೊಡ್ಡ ಅಳತೆಯ ಬಳೆಗಳು

೧೭ ಆಗಸ್ಟ್ ೧೯೬೧, ತಿಕೋಟಾ

ಸೊಸೆ ಲಕ್ಕವ್ವನ ತವರು ಬಬಲೇಶ್ವರದಿಂದ ಬಂದ ಪಂಚಮಿಯ ಉಂಡಿಯ ಬುಟ್ಟಿಯನ್ನು ಹಾಗೆಯೇ ತಿರುಗಿಸಿ ಕಳಿಸಿದೆ. ಮೇಲೆ ಕಟ್ಟಿದ್ದ ಬಟ್ಟೆಯ ಗಂಟನ್ನೂ ಬಿಚ್ಚಲಿಲ್ಲ. ಹೊತ್ತು ತಂದ ಆಳು ಧೂಳಪ್ಪ ಬಾಗಿಲಲ್ಲೇ ನಿಂತು, “ಎಳ್ಳಿನ ಉಂಡಿ ಅದಾವ್ರಿ, ಲಕ್ಕವ್ವಾರಿಗೆ ಸೇರತಾವಂತ ಅವರವ್ವಾರು ತಾವ ಕಟ್ಟ್ಯಾರ,” ಎಂದ. ಅವರ ಮಗಳಿಗೆ ಈಗ ಉಂಡಿ ಕಡಿಯುವಷ್ಟು ಬಾಯಿ ತೆರೆಯುವುದಿಲ್ಲ, ಹಿಡಿಯುವಷ್ಟು ಬೆರಳು ಬಗ್ಗುವುದಿಲ್ಲ, ಹೋಗಿ ಹೇಳು ಎಂದೆ.

ಹೊಸ ಸೊಸೆಯಿರಲಿ, ಹಳೆಯ ಸೊಸೆಯಿರಲಿ, ಪಂಚಮಿಗೆ ತವರಿಗೆ ಕಳಿಸದ ಮನೆ ಈ ಸೀಮೆಯಲ್ಲಿಲ್ಲ. ನಾನು ಕಳಿಸಲಿಲ್ಲ. ಇದು ಮೊದಲನೆಯ ಪೆಟ್ಟು.

ಈ ನೋಟುಬುಕ್ಕು ನನ್ನ ಮಗ ಅಮರಪ್ಪ ವಿಜಾಪುರದಲ್ಲಿ ಓದುವಾಗಿನದು, ಅರ್ಧ ಖಾಲಿ ಉಳಿದಿತ್ತು. ಯಾರ ಮುಂದೆಯೂ ಆಡಲಾರದ್ದನ್ನು ಇದರಲ್ಲಿ ಇಡುತ್ತೇನೆ. ನಮ್ಮ ಓಣಿಯಲ್ಲಿ ಹೈಸ್ಕೂಲಿನವರೆಗೆ ಓದಿದ ಹೆಣ್ಣು ನಾನೊಬ್ಬಳೇ. ಮನೆಯಲ್ಲಿ ಓದಬಲ್ಲವನು ಅಮರಪ್ಪ. ಅವನಿಗೆ ನನ್ನ ಪೆಟ್ಟಿಗೆ ಮುಟ್ಟುವ ಧೈರ್ಯವಿಲ್ಲ.

ಲಕ್ಕವ್ವ ನನ್ನ ತಮ್ಮ ಗುರಲಿಂಗಪ್ಪನ ಮಗಳು. ಸೋದರಿಕೆಯ ಹೆಣ್ಣು ಎಂದು ನಾನೇ ಕೇಳಿ ತಂದೆ. ನಮ್ಮ ರಕ್ತ ನಮ್ಮಲ್ಲೇ ಇರಲಿ ಎಂದಿದ್ದೆ. ಆರು ವರ್ಷವಾಯಿತು, ಒಂದು ಹೆಣ್ಣು ಮಗುವಾಯಿತು. ಹೋದ ಚಳಿಗಾಲದಲ್ಲಿ ಪಾತ್ರೆ ತೊಳೆಯುವಾಗ ಆಕೆಯ ಬೆರಳು ಸುಣ್ಣದ ಹಾಗೆ ಬಿಳಿಚಿ ಆಮೇಲೆ ನೀಲಿಗಟ್ಟುತ್ತಿದ್ದವು. ಕೆಲಸ ತಪ್ಪಿಸುವ ಸೋಗು ಎಂದುಕೊಂಡೆ. ಯುಗಾದಿಯ ಹೊತ್ತಿಗೆ ಬೆರಳು ಊದಿ, ಚರ್ಮ ಬಿಗಿದು, ಹೊಳಪು ಬಂತು. ಈಗ ಅಂಗೈ ಪೂರ್ತಿ ಬಿಚ್ಚುವುದಿಲ್ಲ. ಮುಖ ಬಿಗಿದು ಮೂಗು ಚೂಪಾಗಿದೆ. ದೊಡ್ಡ ರೋಗ, ಕುಷ್ಠ ಎಂದು ಊರು ಗುಸುಗುಸು ಆಡುತ್ತಿದೆ. ಆಕೆಯ ತಾಟು, ತಂಬಿಗೆ ಬೇರೆ ಮಾಡಿದ್ದೇನೆ.

ನನ್ನ ತವರಿನಲ್ಲಿ ಇಂಥದ್ದು ಇಲ್ಲ. ತಮ್ಮನ ರಕ್ತವೆಂದರೆ ನನ್ನ ರಕ್ತ. ಹಾಗಾದರೆ ಇದು ಹೊರಗಿನಿಂದ ಬಂದದ್ದು. ತಮ್ಮನ ಹೆಂಡತಿ ನಿಡೋಣಿಯವಳು. ಆ ಮನೆತನ ಇದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಮೊದಲು ನನ್ನ ತವರಿಗೆ, ಆಮೇಲೆ ನನ್ನ ಮಗನ ಕೊರಳಿಗೆ ಕಟ್ಟಿದೆ. ನಿಡೋಣಿಯವಳು ತನ್ನ ಮಗಳನ್ನು ನಾಲ್ಕು ಮಂದಿಯ ಮುಂದೆ ತಿರುಗಿ ಕರೆದುಕೊಂಡು ಹೋಗಬೇಕು. ಅದನ್ನು ನಾನು ಕಣ್ಣಾರೆ ನೋಡಬೇಕು.

೪ ಸೆಪ್ಟೆಂಬರ್

ಸೊಲ್ಲಾಪುರಕ್ಕೆ ಹೋಗಿ ಬಂದೆವು. ಡಾಕ್ಟರು ಎಳೆಯ ವಯಸ್ಸಿನವನು, ಮುಂಬಯಿಯಲ್ಲಿ ಕಲಿತವನು. ಲಕ್ಕವ್ವನ ಕೈ ಚರ್ಮವನ್ನು ಎರಡು ಬೆರಳಿನಲ್ಲಿ ಚಿವುಟಿ ಎತ್ತಲು ನೋಡಿದ, ಏಳಲಿಲ್ಲ. ಬಾಯಿ ತೆರೆಸಿದ. ಬೋಗುಣಿಯ ತಣ್ಣೀರಿನಲ್ಲಿ ಆಕೆಯ ಕೈ ಇಡಿಸಿ, ಬಣ್ಣ ತಿರುಗುವುದನ್ನು ಬಹಳ ಹೊತ್ತು ನೋಡುತ್ತ ನಿಂತ.

ಇದು ದೊಡ್ಡ ರೋಗವಲ್ಲ, ಮುಟ್ಟಿದರೆ ಬರುವುದಿಲ್ಲ ಎಂದ. ಇಂಗ್ಲಿಷಿನಲ್ಲಿ ಉದ್ದನೆಯ ಹೆಸರು ಹೇಳಿದ. ಮೈಯ ಚರ್ಮ ಗಟ್ಟಿಯಾಗುತ್ತ ಹೋಗುವ ರೋಗ, ಕೆಲವರಲ್ಲಿ ಅನ್ನನಾಳಕ್ಕೂ ಪುಪ್ಪುಸಕ್ಕೂ ಇಳಿಯುತ್ತದೆ. ಹಿಂದಕ್ಕೆ ತಿರುಗಿಸುವ ಔಷಧ ಇನ್ನೂ ಇಲ್ಲ. ಮೈ ಬೆಚ್ಚಗಿಡಬೇಕು, ತಣ್ಣೀರು ಮುಟ್ಟಿಸಬಾರದು, ಎಣ್ಣೆ ಹಚ್ಚಿ ಬೆರಳು ಆಡಿಸಬೇಕು.

ಕಡೆಗೆ ಕೇಳಿದ, ತಂದೆಯ ಕಡೆಗಾಗಲಿ ತಾಯಿಯ ಕಡೆಗಾಗಲಿ ಯಾರಿಗಾದರೂ ಇಂಥ ಕೈ ಇತ್ತೆ ಎಂದು. ತಂದೆಯ ಕಡೆ ನಾನೇ ಇದ್ದೇನೆ, ನಮ್ಮಲ್ಲಿಲ್ಲ, ತಾಯಿಯ ಕಡೆ ಹುಡುಕಿರಿ ಎಂದೆ. ಒಂದೇ ಮನೆತನದಲ್ಲಿ ಎರಡು ಸಲ ಬರುವುದು ಬಹಳ ಅಪರೂಪ, ಆದರೆ ಕೇಳಬೇಕಾದದ್ದು ನನ್ನ ಕೆಲಸ ಎಂದು ಬರೆದುಕೊಂಡ. ಅಪರೂಪ ಎಂದನೇ ಹೊರತು ಇಲ್ಲ ಎನ್ನಲಿಲ್ಲ. ನನಗೆ ಅಷ್ಟು ಸಾಕು.

ತಿರುಗಿ ಬರುವಾಗ ರೈಲುಗಾಡಿಯಲ್ಲಿ ಲಕ್ಕವ್ವ ಕೇಳಿದಳು, “ಅತ್ತಿ, ಡಾಕ್ಟರು ಏನಂದ್ರು?”

“ನಿಮ್ಮವ್ವ ಕೊಟ್ಟ ಉಡುಗೊರಿ ಅಂದ್ರು,” ಎಂದೆ.

ಅವನು ಹಾಗೆ ಹೇಳಿರಲಿಲ್ಲ. ಇಂಡಿ ದಾಟುವವರೆಗೆ ಆಕೆ ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ.

ತಾಟು ತಂಬಿಗೆ ಮತ್ತೆ ಒಂದೇ ಮಾಡಿದ್ದೇನೆ. ಮುಟ್ಟಿದರೆ ಬರುವುದಿಲ್ಲ ಎಂದ ಮೇಲೆ ಬೇರೆಬೇರೆ ತೊಳೆಯುವ ಕೆಲಸ ಯಾರಿಗೆ ಬೇಕು.

೨೦ ಅಕ್ಟೋಬರ್

ಬನ್ನಿ ಕೊಡಲು ತಮ್ಮ ಬಂದಿದ್ದ. ಕಟ್ಟೆಯ ಮೇಲೆಯೇ ಕೂಡಿಸಿದೆ, ಒಳಗೆ ಕರೆಯಲಿಲ್ಲ. ಮದುವೆ ಮುರಿದು ಸೋಡಚೀಟಿ ಆಗಬೇಕು, ಮಗು ನಮ್ಮಲ್ಲಿ ಉಳಿಯಬೇಕು, ಅಮರಪ್ಪನಿಗೆ ಬೇರೆ ಹೆಣ್ಣು ನೋಡುತ್ತೇನೆ ಎಂದು ನೇರವಾಗಿ ಹೇಳಿದೆ. ಗುರಲಿಂಗಪ್ಪ ಮೀಸೆ ಸವರುತ್ತ ಕುಳಿತ. ಮೀಸೆ ಚಿಗುರಿದಂದಿನಿಂದಲೂ ಅಷ್ಟೇ, ಉತ್ತರ ಹೊಳೆಯದಿದ್ದರೆ ಮೀಸೆ. “ಅಕ್ಕಾ, ಹಿರಿಯಾರ ಮುಂದ ಮಾತಾಡೂಣು,” ಎಂದು ಎದ್ದು ಹೋದ.

ನಿಡೋಣಿಯವಳು ಮಗಳಿಗೆಂದು ಒಂದು ಜೊತೆ ಉಣ್ಣೆಯ ಕೈಗವಸು ಹೆಣೆಸಿ ಕಳಿಸಿದ್ದಳು. ಅದನ್ನು ತಿರುಗಿಸಬೇಕೆಂದಿದ್ದೆ. ಅಷ್ಟರಲ್ಲಿ ಮಗು ಅದನ್ನು ಲಕ್ಕವ್ವನ ಕೈಗೆ ತೊಡಿಸಿಬಿಟ್ಟಿತ್ತು.

೧೨ ನವೆಂಬರ್

ಲಕ್ಕವ್ವ ಬಡಿದ ರೊಟ್ಟಿಯ ಅಂಚು ಹರಿಯುತ್ತದೆ. ಜೋಳದ ರೊಟ್ಟಿಗೆ ಅಂಗೈ ಚಪ್ಪಟೆಯಾಗಿ ಬೀಳಬೇಕು, ಆಕೆಯ ಕೈ ಗೂಡಿನ ಹಾಗೆ ಬೀಳುತ್ತದೆ. ಕಲ್ಲಿನ ಮುಂದಿನಿಂದ ಎಬ್ಬಿಸಿ ನಾನೇ ಕುಳಿತೆ. ಕೈ ಚಾಚಿಕೊಂಡು ಯಾಕೆ ನಿಂತಿದ್ದೀ ಎಂದು ಗದರಿದೆ.

“ಅತ್ತಿ, ನನ್ನ ಕೈ ಯಾವಾಗಲೂ ಹಿಂಗ ಇರತಾವ. ಭಿಕ್ಷಾಕ ಬಂದಾಕಿ ಅಂತ ತಿಳಕೊಂಡು ಒಂದು ರೊಟ್ಟಿ ನೀಡ್ರಿ,” ಎಂದಳು.

ನನಗೆ ಎದುರುತ್ತರ ಕೊಟ್ಟವರು ಈ ಮನೆಯಲ್ಲಿಲ್ಲ. ರೊಟ್ಟಿ ನೀಡಿದೆ.

ಅಮರಪ್ಪ ಹಿತ್ತಲಲ್ಲಿ ಕುಳಿತು ಆಕೆಗೆ ಮಜ್ಜಿಗೆಯಲ್ಲಿ ರೊಟ್ಟಿ ನೆನೆಸಿ ಕೊಡುತ್ತಿದ್ದ. ಬೇರೆ ಹೆಣ್ಣು ನೋಡುತ್ತೇನೆ ಎಂದಾಗಲೆಲ್ಲ, “ನಿನ್ನ ಮನಸ್ಸಿಗೆ ಬಂದಂಗ ಮಾಡವ್ವಾ,” ಎನ್ನುವ ಮಗ ಇವನು. ಗಂಡಸಾದವನು ಕದ್ದು ಮಾಡಬೇಕಾದ ಕೆಲಸವೇ ಇದು? ಮಾಡುವುದಿದ್ದರೆ ಪಡಸಾಲೆಯಲ್ಲಿ ಕುಳಿತು ಮಾಡಲಿ.

೧೪ ಡಿಸೆಂಬರ್

ಇಟ್ಟಂಗಿಹಾಳದ ಮಲಕಾಜಪ್ಪ ಎರಡೂ ಮನೆಗಳಿಗೆ ಬೇಕಾದ ಹಿರಿಯರು, ಇಂದು ಬಂದಿದ್ದರು. ರೋಗ ಬಂತೆಂದು ಹೆಣ್ಣು ಬಿಡುವುದಕ್ಕೆ ಸೋಡಚೀಟಿ ಬರೆಸುವುದಿಲ್ಲ ಎಂದರು. “ಮದಿವ್ಯಾದ ಮ್ಯಾಲೆ ಬಂದ ರೋಗ ಗಂಡನ ಮನೀದು. ಮೊದಲ ಗೊತ್ತಿದ್ದು ಮುಚ್ಚಿ ಕೊಟ್ಟಾರಂತ ತೋರಿಸ್ರಿ, ಆಗ ಬರಸೂಣು.” ಈಗ ಎಲ್ಲರ ಬಾಯಲ್ಲೂ ಅಷ್ಟಗ್ರಹದ ಭೀತಿ. ಫೆಬ್ರವರಿಯಲ್ಲಿ ಎಂಟು ಗ್ರಹ ಒಂದೇ ರಾಶಿಯಲ್ಲಿ ಕೂಡಿ ಲೋಕ ಮುಳುಗುತ್ತದೆಯಂತೆ. ಆ ಗದ್ದಲ ಮುಗಿದ ಮೇಲೆ ಮಠದಲ್ಲಿ ಕೂಡುವುದೆಂದು ನಿಶ್ಚಯವಾಯಿತು. ಲೋಕ ಮುಳುಗಿದರೆ ಖರ್ಚಿಲ್ಲದೆ ನ್ಯಾಯ ಮುಗಿಯುತ್ತದೆ ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಸಾಕ್ಷಿ ಬೇಕು. ಬೆಳಗಿನಿಂದ ಯೋಚಿಸಿ ಯೋಚಿಸಿ ಸಂಜೆಗೆ ಹೊಳೆಯಿತು. ಹೆಂಗಸರ ಕೈ ಕಂಡವನು ಬಳೆಗಾರನಲ್ಲದೆ ಮತ್ತಾರು? ಗಂಡನೂ ಅಷ್ಟು ಹತ್ತಿರದಿಂದ ನೋಡಿರುವುದಿಲ್ಲ. ವಿಜಾಪುರದ ಗೈಬುಸಾಬನ ಮನೆತನ ಮೂರು ತಲೆಮಾರಿನಿಂದ ನಿಡೋಣಿ, ಬಬಲೇಶ್ವರ, ತಿಕೋಟಾ ಈ ಮೂರೂ ಊರುಗಳಿಗೆ ಬಳೆ ತರುತ್ತದೆ. ನಾನು ವಿಧವೆಯಾಗುವವರೆಗೆ ನನ್ನ ಕೈಗೂ ಅವನೇ ಇಡುತ್ತಿದ್ದ. ನಿಡೋಣಿಯ ಹೆಂಗಸರಲ್ಲಿ ಯಾರ ಕೈ ಮರಗಟ್ಟಿತ್ತು ಎಂಬುದು ಅವನಿಗೆ ಗೊತ್ತಿಲ್ಲದೆ ಇರಲಾರದು. ಎಳ್ಳಮಾವಾಸ್ಯೆ ಮುಗಿಸಿಕೊಂಡು ಬಾ ಎಂದು ಹೇಳಿ ಕಳಿಸಿದ್ದೇನೆ.

ನಿಡೋಣಿಯವಳೇ, ನಿನ್ನ ಮನೆತನದ ಕೈಗಳನ್ನೆಲ್ಲ ಮಠದ ಪಡಸಾಲೆಯಲ್ಲಿ ಸಾಲಾಗಿ ಬಿಚ್ಚಿ ತೋರಿಸುತ್ತೇನೆ.

೯ ಜನವರಿ ೧೯೬೨

ಗೈಬುಸಾಬ ಮಧ್ಯಾಹ್ನ ಬಂದ. ಹಲ್ಲೆಲ್ಲ ಬಿದ್ದಿವೆ, ಬಳೆಯ ಸರ ಹೊತ್ತ ಹೆಗಲು ಒಂದು ಕಡೆಗೆ ವಾಲಿದೆ. ಮೊದಲು ಲಕ್ಕವ್ವನಿಗೆ ಬಳೆ ಇಡಲಿ ಎಂದೆ, ಕೈ ನೋಡಲಿ ಎಂಬ ಲೆಕ್ಕದಲ್ಲಿ. ಅವನು ಆಕೆಯ ಹೆಬ್ಬೆರಳನ್ನು ಒಳಕ್ಕೆ ಮಡಿಸಲು ಮೆಲ್ಲಗೆ ಒತ್ತಿ ನೋಡಿದ, ಮಡಿಯಲಿಲ್ಲ. ಒತ್ತುವುದನ್ನು ಬಿಟ್ಟು ಚೀಲದ ತಳದಿಂದ ದೊಡ್ಡ ಅಳತೆಯ ಒಂದು ಡಜನ್ ಹಸಿರು ಬಳೆ ತೆಗೆದ, ದಪ್ಪ ಮೈಯ ಹೆಂಗಸರಿಗೆ ತರುವಂಥವು. ನೋಯಿಸದೆ ಇಟ್ಟ. ಆ ಸಣ್ಣ ಮಣಿಕಟ್ಟಿನಲ್ಲಿ ಅವು ಮೊಣಕೈವರೆಗೆ ಜಾರಾಡಿದವು. ಜಾರದಂತೆ ಹಸಿರು ದಾರದಿಂದ ನಾಲ್ಕು ನಾಲ್ಕನ್ನು ಕೂಡಿಸಿ ಕಟ್ಟಿದ. ಎಲ್ಲ ಮೊದಲೇ ಮಾಡಿ ರೂಢಿಯಾದವನ ಹಾಗೆ.

ಲಕ್ಕವ್ವನನ್ನು ಒಳಗೆ ಕಳಿಸಿ ಕೇಳಿದೆ, ಇಂಥ ಕೈ ಮೊದಲು ಎಲ್ಲಿ ನೋಡಿದ್ದೀ ಎಂದು.

“ನೋಡೀನ್ರಿ.”

“ನಿಡೋಣಿಯೊಳಗ?”

“ಇಲ್ಲರೀ ಅವ್ವಾರ. ನಿಡೋಣಿ ಮನಿ ಹೆಣ್ಣಮಕ್ಕಳ ಕೈ ಬೆಣ್ಣಿ ಇದ್ದಂಗ. ಅಜ್ಜಿ, ಮಗಳು, ಮೊಮ್ಮಗಳು, ಮೂರು ತಲಿ ಇಟ್ಟೀನಿ. ಆ ಮನ್ಯಾಗ ನನ್ನ ಕೈಯಾಗ ಒಂದು ಬಳಿ ಒಡದಿಲ್ಲ.”

ಹಾಗಾದರೆ ಎಲ್ಲಿ ಎಂದೆ. ಅವನು ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

“ಕೇಳಬ್ಯಾಡ್ರಿ ಅಂತಿದ್ದೆ. ಕೇಳೀರಿ. ನಿಮ್ಮ ಅವ್ವಾರ ಕೈರೀ.”

ಸುಳ್ಳು ಹೇಳಿದರೆ ನಾಲಿಗೆ ಕೀಳಿಸುತ್ತೇನೆ ಎಂದೆ. ಅವನು ಸಿಟ್ಟಾಗಲಿಲ್ಲ. ಅವ್ವನ ಕಡೆಯ ಮೂರು ಪಂಚಮಿಗೆ ದೊಡ್ಡ ಅಳತೆಯ ಬಳೆಯನ್ನು ವಿಜಾಪುರದ ಪೇಟೆಯಲ್ಲಿ ಹುಡುಕಿ ಒಯ್ದದ್ದು, ಜಾರದಂತೆ ದಾರ ಕಟ್ಟಿದ್ದು, ಬಳೆ ಇಡುವಾಗ ತಮ್ಮನ ಹೆಂಡತಿ ಬಾಗಿಲು ಮುಂದಕ್ಕೆ ಮಾಡಿ ಅವ್ವನ ಬೆನ್ನಿಗೆ ಆಸರೆಯಾಗಿ ಕೂಡುತ್ತಿದ್ದದ್ದು, ಎಲ್ಲವನ್ನೂ ಹೇಳಿದ. ಅವ್ವನ ಅಕ್ಕ ಒಬ್ಬಳಿದ್ದಳಲ್ಲ, ನಾನು ಹುಟ್ಟುವ ಮೊದಲೇ ಸತ್ತವಳು, ಆಕೆಯ ಕೈಯೂ ಹಾಗೆಯೇ ಇತ್ತೆಂದು ಇವನ ತಂದೆ ಹೇಳುತ್ತಿದ್ದನಂತೆ.

“ನಿಡೋಣಿ ಪರಸವ್ವಾರು ನನ್ನ ಕಡೆ ಆಣಿ ಹಾಕಿಸಿದ್ರು. ಅತ್ತಿ ಹೇಳ್ಯಾಳ, ಮಗಳಿಗೆ ತಿಳೀಬಾರದು, ಕೊಟ್ಟ ಮನ್ಯಾಗ ಆಕಿ ತಲಿ ತಗ್ಗತದ ಅಂತ. ಇವತ್ತಿನ ತನಕ ಎಲ್ಲೂ ಬಾಯಿ ಬಿಟ್ಟಿಲ್ಲರೀ. ಮಠಕ್ಕ ಕರದರ ಬರತೀನಿ. ಆದರ ಸುಳ್ಳ ಹೇಳಂತ ಕರೀಬ್ಯಾಡ್ರಿ.”

ಹೋಗು ಎಂದೆ. ಹೋದ. ಬಳೆಯ ಹಣ ಕೇಳಲೂ ಇಲ್ಲ, ನನಗೆ ಕೊಡಲು ನೆನಪೂ ಆಗಲಿಲ್ಲ.

೧೦ ಜನವರಿ

ಬರೆಯುವಂಥದ್ದೇನೂ ಇಲ್ಲ. ಚಳಿ ಹೆಚ್ಚಾಗಿದೆ. ಬಚ್ಚಲ ಹಂಡೆಗೆ ಎರಡು ಕೊಡ ಹೆಚ್ಚು ತುಂಬಿಸಿದೆ.

೧೯ ಜನವರಿ

ಅವ್ವನ ಕಡೆಯ ವರ್ಷಗಳಲ್ಲಿ ನಾನು ತವರಿಗೆ ಹೋಗುತ್ತಿದ್ದದ್ದು ಪಂಚಮಿಗೆ, ದೀಪಾವಳಿಗೆ. ಅವ್ವ ಕೌದಿ ಹೊದ್ದು ಕೈಗಳನ್ನು ಸೆರಗಿನ ಒಳಗೆ ಇಟ್ಟುಕೊಂಡು ಕೂಡುತ್ತಿದ್ದಳು. ಚಳಿ ಎನ್ನುತ್ತಿದ್ದಳು. ಒಂದು ಸಲ ಹೇಳದೆ ಹೋದಾಗ ನಿಡೋಣಿಯವಳು ಅವ್ವನ ಬಾಯಿಗೆ ತುತ್ತು ಇಡುತ್ತಿದ್ದಳು. ತಾಯಿಯನ್ನು ಕೂಸು ಮಾಡಿ ಕೀಲಿಕೈ ಗೊಂಚಲು ಹೊಡೆಯುವ ಹಂಚಿಕೆ ಎಂದು ಅಂಗಳದಲ್ಲಿ ನಿಂತು ಕೂಗಿದ್ದೆ. ಓಣಿಯೆಲ್ಲ ಕೇಳಿತ್ತು. ಆಕೆ ತುತ್ತು ಇಡುವುದನ್ನು ನಿಲ್ಲಿಸಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ. ಅಂದಿನಿಂದ ನಾನು ಆಕೆಯನ್ನು ಹೆಸರು ಹಿಡಿದು ಕರೆದಿಲ್ಲ.

ಲಕ್ಕವ್ವನನ್ನು ತರುತ್ತೇನೆ ಎಂದಾಗ ಅವ್ವ ಹೇಳಿದ್ದಳು, “ಬ್ಯಾಡ ಗುರುಸಿದ್ದಿ, ಹೊರಗಿನ ಹೆಣ್ಣ ತಾ. ಮನ್ಯಾಗಿಂದ ಮನಿಗೆ ಬ್ಯಾಡ.” ಈ ಮಾತನ್ನೂ ನಿಡೋಣಿಯವಳೇ ಬಾಯಿಗೆ ಇಟ್ಟಿದ್ದಾಳೆ ಎಂದುಕೊಂಡೆ. ಅವ್ವ ಸತ್ತ ಮರುವರ್ಷವೇ ಹಟ ಹಿಡಿದು ಮದುವೆ ಮಾಡಿದೆ. ಹುಟ್ಟಿದ ಕೂಸಿಗೆ ಅವ್ವನ ಹೆಸರನ್ನೇ ಇಟ್ಟೆ, ಗುರುಬಾಯಿ ಎಂದು.

ಈಗ ಇದನ್ನು ಬಲ್ಲವರು ಮೂವರೇ. ಬಳೆಗಾರನನ್ನು ಮಠಕ್ಕೆ ಕರೆಯುವುದಿಲ್ಲ. ನಿಡೋಣಿಯವಳು ಸತ್ತ ಅತ್ತೆಗೆ ಕೊಟ್ಟ ಮಾತು ಮುರಿಯುವವಳಲ್ಲ. ನಾನು ಬಾಯಿ ಮುಚ್ಚಿಕೊಂಡರೆ ಗೆಲುವು ನನ್ನದೇ.

ಆದರೆ ಇದು ಎಂಥ ಗೆಲುವು? ಅವಳು ಸುಮ್ಮನೆ ಕುಳಿತು ನನಗೆ ನೀಡುವಂಥದ್ದು. ನನಗೆ ತಿಳಿಯದಂತೆ ಇಷ್ಟು ವರ್ಷ ನನ್ನ ತಲೆ ಕಾಯ್ದಳಂತೆ. ಕಾಯಿ ಎಂದು ನಾನು ಹೇಳಿದ್ದೆನೆ? ನನ್ನ ತಾಯಿಯ ಕೈ ನನಗೆ ತೋರಿಸದೆ ತಾನೊಬ್ಬಳೇ ನೋಡಿಕೊಂಡಳು. ಈ ಒಂದಕ್ಕೆ ಆಕೆಯನ್ನು ನಾನು ಸಾಯುವವರೆಗೆ ಕ್ಷಮಿಸುವುದಿಲ್ಲ.

ಲಕ್ಕವ್ವನಿಗೆ ರಾತ್ರಿ ಅನ್ನ ಗಂಟಲಲ್ಲಿ ನಿಂತಿತು. ಬೆನ್ನು ತಿಕ್ಕಿ, ದಿಂಬು ಎತ್ತರ ಮಾಡಿ ಮಲಗಿಸಿದೆ. ಬೆಳಿಗ್ಗೆ ಮಗುವಿನ ಹತ್ತೂ ಬೆರಳನ್ನು ಮಡಿಸಿ ಮಡಿಸಿ ನೋಡಿದೆ. “ಅಜ್ಜೀ, ಎಣಿಸಾಕ ಬರೂದಿಲ್ಲೇನು?” ಎಂದು ಮಗು ಕೇಳಿತು.

೬ ಫೆಬ್ರವರಿ

ಅಷ್ಟಗ್ರಹ ಕೂಡಿ ಚದುರಿದವು. ಲೋಕ ಮುಳುಗಲಿಲ್ಲ. ಭಾನುವಾರ ಮಠ.

೧೧ ಫೆಬ್ರವರಿ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮಠದ ಪಡಸಾಲೆಯಲ್ಲಿ ಒಂದು ಕಡೆ ನಾವು, ಎದುರಿಗೆ ಬಬಲೇಶ್ವರದವರು. ನಡುವೆ ಮಲಕಾಜಪ್ಪ ಮತ್ತು ನಾಲ್ವರು ಹಿರಿಯರು. ಲಕ್ಕವ್ವ ಕಂಬದ ಹತ್ತಿರ ಕುಳಿತಿದ್ದಳು, ಉಣ್ಣೆಯ ಕೈಗವಸು ತೊಟ್ಟು. ಬರೆಯುವವನು ಕಾಗದ ಬಿಡಿಸಿಕೊಂಡು ಕುಳಿತಿದ್ದ. ನಿಡೋಣಿಯವಳನ್ನು ಏಳು ವರ್ಷದ ಮೇಲೆ ಹತ್ತಿರದಿಂದ ನೋಡಿದೆ. ಕೂದಲು ಪೂರ್ತಿ ನೆರೆತಿದೆ. ನನಗಿಂತ ಐದು ವರ್ಷ ಚಿಕ್ಕವಳು.

ಮಲಕಾಜಪ್ಪ ಆಕೆಯನ್ನೇ ಮೊದಲು ಕೇಳಿದರು, ನಿನ್ನ ತವರಿನಲ್ಲಿ ಈ ರೋಗವಿತ್ತೆ, ಗೊತ್ತಿದ್ದು ಮಗಳನ್ನು ಕೊಟ್ಟೆಯಾ ಎಂದು. ಆಕೆ ನನ್ನನ್ನು ನೋಡಿದಳು. ನಾನು ನೋಟ ತೆಗೆಯಲಿಲ್ಲ. ಹೇಳು, ಹೇಳಿಬಿಡು ಎಂದು ಮನಸ್ಸಿನಲ್ಲಿ ಅಂದೆ. ಹೇಳಿದರೆ ಎದ್ದು ನಿಂತು ಜಗಳವಾಡಲು ಸಿದ್ಧಳಾಗಿ ಕುಳಿತಿದ್ದೆ.

“ಹಿರಿಯಾರು ಏನಂತೀರಿ ಹಂಗ ಆಗಲ್ರಿ. ನನ್ನ ಮಗಳನ್ನ ಕೊಡ್ರಿ, ಕರಕೊಂಡು ಹೋಗತೀನಿ. ಕೂಸನ್ನೂ ಕೊಟ್ಟರ ಉಪಕಾರ ಆಗತದ,” ಎಂದಳು. ಅಷ್ಟೇ.

ಆಮೇಲೆ ನನ್ನ ತಮ್ಮ ಮಾತಾಡಿದ. ಮೀಸೆಯಿಂದ ಕೈ ತೆಗೆದು, “ತಪ್ಪ ಆಗೇತಿ ಹಿರಿಯಾರ. ಹೆಣ್ಣ ತರುವಾಗ ನಿಡೋಣಿ ಮನಿತನ ನಾವು ಸರಿಯಾಗಿ ವಿಚಾರ ಮಾಡಲಿಲ್ಲ,” ಎಂದ.

ಪಕ್ಕದಲ್ಲಿ ಕುಳಿತ ಹೆಂಡತಿಯ ಮುಖವನ್ನು ಅವನು ನೋಡಲಿಲ್ಲ. ನಾನು ನೋಡಿದೆ. ಅದರಲ್ಲಿ ಏನೂ ಕದಲಲಿಲ್ಲ, ಇಂಥದ್ದು ಕೇಳಿ ಕೇಳಿ ರೂಢಿಯಾದವರ ಮುಖ. ಅವ್ವನ ಜೊತೆ ಒಂದೇ ಸೂರಿನಡಿ ಇದ್ದವನು ಇವನು. ಅವ್ವನ ಕೈ ಇವನಿಗೆ ಕಾಣಲಿಲ್ಲವೆ? ಆರು ತಿಂಗಳಿನಿಂದ ನಾನು ಕೂಡಿಟ್ಟ ಸಿಟ್ಟೆಲ್ಲ ಎದ್ದು ಅವನ ಕಡೆ ತಿರುಗಿತು.

“ಗುರಲಿಂಗಪ್ಪ,” ಎಂದೆ, “ನಮ್ಮವ್ವ ಕಡೀ ಮೂರು ವರ್ಷ ಯಾರ ಕೈಲೆ ಉಂಡಳು?”

ಅವನ ಕೈ ಮತ್ತೆ ಮೀಸೆಗೆ ಹೋಯಿತು.

“ತನ್ನ ಕೈಲೆ ಯಾಕ ಉಣ್ಣಲಿಲ್ಲ? ಹಿರಿಯರಿಗೆ ಹೇಳು. ಬಾಯಿ ಇಲ್ಲಂದ್ರ ಮೀಸಿ ಯಾಕ ಬಿಟ್ಟೀ?”

ಯಾರೋ ಒಬ್ಬರು ನಕ್ಕು ಸುಮ್ಮನಾದರು. ಪರಸವ್ವ “ಅಕ್ಕಾರ, ಬ್ಯಾಡ್ರಿ,” ಎಂದು ಎದ್ದಳು. ಕೂಡು ಎಂದೆ. ನಿನ್ನ ಉಪಕಾರ ಸಾಕು, ಇನ್ನೊಂದು ದಿನ ಅದನ್ನು ಹೊತ್ತುಕೊಂಡು ತಿರುಗುವುದಿಲ್ಲ ಎಂದೆ. ಆಮೇಲೆ ಹಿರಿಯರಿಗೆ ಹೇಳಿದೆ, ರೋಗ ನಿಡೋಣಿಯದಲ್ಲ. ನನ್ನ ತಾಯಿಗಿತ್ತು, ತಾಯಿಯ ಅಕ್ಕನಿಗಿತ್ತು. ನನ್ನನ್ನೂ ತಮ್ಮನನ್ನೂ ಬಿಟ್ಟು ಅವನ ಮಗಳಿಗೆ ಬಂದಿದೆ. ಬೇಡವೆಂದ ತಾಯಿಯ ಮಾತು ಮೀರಿ ಸೋದರಿಕೆ ಹಿಡಿದವಳು ನಾನು. ಗೈಬುಸಾಬನನ್ನು ಕರೆಸಿ ಕೇಳಿರಿ.

ಮಲಕಾಜಪ್ಪ ಕೇಳಿದರು, “ಹಂಗಾದರ ಸೋಡಚೀಟಿ?”

“ಯಾರ ಹೆಸರಲೆ ಬರಸತೀರಿ?” ಎಂದೆ. “ಆ ರಕ್ತ ಇದ್ದಾಕಿನ್ನ ಹೊರಗ ಹಾಕೂದಾದರ ಮೊದಲ ನಾ ಹೋಗಬೇಕಾಗತದ. ನಾ ಎಲ್ಲೂ ಹೋಗಾಕಿ ಅಲ್ಲ.”

ಬರೆಯುವವನು ಕಾಗದ ಮಡಚಿದ. ಅಮರಪ್ಪ ಎದ್ದು ಹೋಗಿ ಲಕ್ಕವ್ವನ ಪಕ್ಕದಲ್ಲಿ ಕುಳಿತ, ಹಿರಿಯರೆಲ್ಲರ ಮುಂದೆ. ನಾಚಿಕೆ ಇಲ್ಲದವನು.

ತಮ್ಮ ಚಪ್ಪಲಿ ಮೆಟ್ಟುವಾಗ ಹೇಳಿದೆ, ಇನ್ನು ಮೇಲೆ ನನ್ನ ಹೊಸ್ತಿಲು ತುಳಿಯಬೇಡ ಎಂದು. ಅವನ ಹೆಂಡತಿಗೆ ಆ ಮಾತು ಹೇಳಲಿಲ್ಲ, ಮರೆತೆ.

೧೩ ಫೆಬ್ರವರಿ

ಸೊಲ್ಲಾಪುರದ ಡಾಕ್ಟರಿಗೆ ಕಾಗದ ಬರೆದೆ. ಸೆಪ್ಟೆಂಬರದಲ್ಲಿ ತಮಗೆ ನಾನು ಹೇಳಿದ್ದು ತಪ್ಪು, ತಿದ್ದಿಕೊಳ್ಳಿರಿ ಎಂದು ಮೊದಲ ಸಾಲು. ಅವ್ವನ ಹೆಸರು, ದೊಡ್ಡವ್ವನ ಹೆಸರು, ಕಂಡದ್ದು ಏನು, ಯಾವ ವಯಸ್ಸಿಗೆ. ನಿಡೋಣಿಯಲ್ಲಿ ಯಾರಿಗೂ ಇಲ್ಲ ಎಂದು ಕೆಳಗೆ ಗೆರೆ ಎಳೆದೆ. ಮಗುವಿನ ವಿಷಯ ಕೇಳಿದ್ದೇನೆ.

ತಪ್ಪು ಎಂಬ ಶಬ್ದ ಬರೆಯುವಾಗ ಮೂರು ಕಾಗದ ಕೆಟ್ಟವು. ಮಸಿ ಸರಿಯಿಲ್ಲ.

ಊರಲ್ಲಿ ಈಗ ನನ್ನ ತವರಿನ ಮಾತು. ಬಾವಿಯ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತದೆ. ನಿಲ್ಲಲಿ. ನಿಲ್ಲಿಸುವುದು ನನಗೆ ಹೊಸದಲ್ಲ.

೨ ಮಾರ್ಚ್

ಡಾಕ್ಟರ ಉತ್ತರ ಬಂದಿದೆ, ಮರಾಠಿಯಲ್ಲಿ ಎರಡು ಪುಟ. ಒಂದೇ ಮನೆಯಲ್ಲಿ ಮೂವರು ಎಂಬುದನ್ನು ಅವನು ಪುಸ್ತಕದಲ್ಲೂ ಕಡಿಮೆ ಓದಿದ್ದಾನಂತೆ. ರೋಗವೇ ಹೆಸರಿನ ಹಾಗೆ ಅಜ್ಜಿಯಿಂದ ಮೊಮ್ಮಗಳಿಗೆ ಇಳಿಯುವುದಿಲ್ಲ, ರೋಗಕ್ಕೆ ಬೇಗ ಈಡಾಗು‌ವ ಒಂದು ಗುಣ ರಕ್ತದಲ್ಲಿ ಇಳಿಯಬಹುದು, ಅದರ ಮೇಲೆ ಇನ್ನೇನೋ ಒಂದು ತಗಲಬೇಕು, ಅದು ಏನೆಂದು ಗೊತ್ತಿಲ್ಲ ಎಂದಿದ್ದಾನೆ. ಇಂಥ ಮನೆಗಳಲ್ಲಿಯೂ ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ. ಮಗುವಿನ ವಿಷಯ ಗೊತ್ತಿಲ್ಲ. ಸೋದರಿಕೆಯಿಂದ ಹೆಚ್ಚುತ್ತದೆಯೇ, ಅದೂ ಖಚಿತವಾಗಿ ಗೊತ್ತಿಲ್ಲ, ಆದರೆ ತನ್ನ ಮನೆಯಾದರೆ ಇನ್ನೊಮ್ಮೆ ಮಾಡುತ್ತಿರಲಿಲ್ಲ. ಗೊತ್ತಿಲ್ಲ ಎಂದು ಮೂರು ಕಡೆ ಬರೆದಿದ್ದಾನೆ. ಇಂಥ ಡಾಕ್ಟರನ್ನು ನಾನು ಮೊದಲ ಸಲ ನೋಡಿದೆ.

ಗುರುಬಾಯಿಯನ್ನು ಸೋದರಿಕೆಯಲ್ಲಿ ಕೊಡತಕ್ಕದ್ದಲ್ಲ. ಅವ್ವನ ಕೈ, ದೊಡ್ಡವ್ವನ ಕೈ, ತಾಯಿಯ ಕೈ, ಎಲ್ಲವನ್ನೂ ಹೇಳಿ ಕೇಳಿ ಕೊಡತಕ್ಕದ್ದು. ಕೇಳಿ ಎದ್ದು ಹೋಗುವವರು ಹೋಗಲಿ. ನಾನಿಲ್ಲದಿದ್ದರೆ ಅಮರಪ್ಪ ಈ ಪುಟವನ್ನು ಓದತಕ್ಕದ್ದು.

೬ ಮಾರ್ಚ್

ಶಿವರಾತ್ರಿ ಕಳೆಯಿತು. ಹತ್ತು ದಿನದಿಂದ ಪರಸವ್ವ ಇಲ್ಲೇ ಇದ್ದಾಳೆ. ಕರೆಸಿದ್ದು ಅಮರಪ್ಪ. ನಾನು ಬಂಡಿ ಕಳಿಸಿದೆ, ಅಷ್ಟೇ.

ನನ್ನ ಅಡುಗೆಮನೆಯಲ್ಲಿ ಅವಳ ದರಬಾರು ನಡೆದಿದೆ. ತುತ್ತು ಸಣ್ಣದಿರಬೇಕು, ಎರಡು ತುತ್ತಿನ ನಡುವೆ ಬೆಚ್ಚನೆಯ ನೀರು ಕೊಡಬೇಕು, ಉಂಡ ಮೇಲೆ ಒಂದು ತಾಸು ಮಲಗಿಸಬಾರದು. ಕುಸುಬಿ ಎಣ್ಣೆ ಕಾಯಿಸಿ ಒಂದೊಂದೇ ಬೆರಳನ್ನು ಬುಡದಿಂದ ತುದಿಗೆ ನೀವಬೇಕು. ನಾನು ನೀವಿದರೆ, “ಅಕ್ಕಾರ, ಅದು ಹಿಟ್ಟಲ್ಲ, ಕೈ,” ಎನ್ನುತ್ತಾಳೆ. ಲಕ್ಕವ್ವ ನಗುತ್ತಾಳೆ, ತೆರೆದಷ್ಟು ಬಾಯಿಯಲ್ಲೇ. ಇಬ್ಬರೂ ಸೇರಿ ನನ್ನ ಮಾನ ಕಳೆಯುತ್ತಿದ್ದಾರೆ.

ಅವ್ವ ಕಡೆಗೆ ಏನೇನು ಮಾತಾಡುತ್ತಿದ್ದಳು ಎಂದು ನಿನ್ನೆ ಕೇಳಿದೆ. ಪರಸವ್ವ ಒಂದು ಬೆರಳು ನೀವಿ ಮುಗಿಸಿ ಇನ್ನೊಂದನ್ನು ಹಿಡಿದಳು. “ನಿಮ್ಮ ಮಾತ ಆಡತಿದ್ರು,” ಎಂದಳು. ಏನು ಎಂದು ಕೇಳಲಿಲ್ಲ. ಒಂದೇ ದಿನ ಎಲ್ಲ ಕೇಳಿ ಮುಗಿಸುವಷ್ಟು ಅವಸರ ನನಗಿಲ್ಲ.

ನಾನು ಆಕೆಯನ್ನು ಕ್ಷಮಿಸಿಲ್ಲ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ. ತಮ್ಮನನ್ನಂತೂ ಎಂದಿಗೂ ಇಲ್ಲ. ಎರಡು ಸಲ ಹೇಳಿ ಕಳಿಸಿದ್ದಾನೆ, ಹೆಂಡತಿಯನ್ನು ಕಳಿಸಿರಿ, ಮನೆಯಲ್ಲಿ ರೊಟ್ಟಿ ಬಡಿಯುವವರಿಲ್ಲ ಎಂದು. ಅವನೇ ಬಡಿದುಕೊಳ್ಳಲಿ, ಕೈ ನೆಟ್ಟಗಿವೆಯಲ್ಲ.

ಗುರುವಾರ ಹೋಗುತ್ತೇನೆ ಎಂದು ಪರಸವ್ವ ಗಂಟು ಕಟ್ಟಿಟ್ಟಿದ್ದಾಳೆ. ಎತ್ತಿನ ಗೊರಸು ನೋಯುತ್ತಿದೆ, ಈ ವಾರ ಬಂಡಿ ಹೂಡಲಾಗುವುದಿಲ್ಲ ಎಂದು ಆಕೆಗೆ ಹೇಳು ಎಂದು ಅಮರಪ್ಪನಿಗೆ ಹೇಳಿದೆ. ಯಾವ ಎತ್ತಿಗೆ ಎಂದು ಕೇಳಿದ. ಯಾವುದಾದರೂ ಒಂದಕ್ಕೆ ಎಂದೆ.